ನೀರಿನವನಿಗೆ ದನಿ ಕೊಟ್ಟ ಮಾಮಾ

ಮಾಮಾ ನಿಂತರೆ ಅವರ ಬಲಗೈ ಕೆಳಗೆ ಇರುತ್ತಿರಲಿಲ್ಲ. ಕಿವಿಯ ಎತ್ತರಕ್ಕೆ ಏರಿ, ಏನನ್ನೋ ಮುಷ್ಟಿಯಲ್ಲಿ ಹಿಡಿದಂತೆ ಅಲ್ಲೇ ನಿಂತುಬಿಡುತ್ತಿತ್ತು. ಅರ್ಧ ಆಯುಷ್ಯ ನಾಟಕ ಕಂಪನಿಯಲ್ಲಿ ಅರಮನೆಯ ಬಾಗಿಲಿಗೆ ಭರ್ಜಿ ಹಿಡಿದು ನಿಂತ ಕೈ ಅದು. ಕಂಪನಿ ಮುಚ್ಚಿತು, ಭರ್ಜಿ ಯಾರದೋ ಪಾಲಾಯಿತು, ಕೈಗೆ ಮಾತ್ರ ಆ ಸುದ್ದಿ ಮುಟ್ಟಿರಲಿಲ್ಲ. ಹೊಸಪೇಟೆಯ ಸ್ಟೇಷನ್ ರಸ್ತೆಯ ವಿಡಿಯೋ ಗೇಮ್ ಅಂಗಡಿಯ ಬಾಗಿಲಲ್ಲಿ, ಶಟರ್ ಎಳೆಯುವ ಕೊಕ್ಕೆಕೋಲು ಹಿಡಿದು ಅವರು ನಿಂತರೆ, ಹೊಸ ಗಿರಾಕಿಗಳು ಒಳಗೆ ಹೋಗಲು ಅಪ್ಪಣೆ ಕೇಳಬೇಕೇನೋ ಎಂದು ಅನುಮಾನಿಸುತ್ತಿದ್ದರು.

ಅವರು ನನ್ನ ಸ್ವಂತ ಮಾಮಾ ಅಲ್ಲ. ಅಂಗಡಿ ಅವರ ಅಕ್ಕನ ಮಗನದು. ಅವನು ಮಾಮಾ ಎನ್ನುತ್ತಿದ್ದ, ಅದನ್ನು ಕೇಳಿ ಇಡೀ ಓಣಿ ಮಾಮಾ ಎಂದಿತು. ಹೆಂಡತಿ ಮಕ್ಕಳಿಲ್ಲದ ಅವರು ಅಂಗಡಿಯ ಹಿಂದಿನ ಕೋಣೆಯಲ್ಲಿದ್ದರು. ಒಂದು ಮಂಚ, ಒಂದು ಟೇಬಲ್ ಫ್ಯಾನು, ಕಂಪನಿ ಮುಚ್ಚಿದ ದಿನ ಅವರಿಗೆ ಹೊದಿಸಿದ್ದ ಕೆಂಪು ಶಾಲು, ಇಷ್ಟೇ ಆಸ್ತಿ. ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ ಮಿರ್ಚಿ, ಮಧ್ಯಾಹ್ನ ಅಕ್ಕನ ಮನೆಯ ಡಬ್ಬಿ. ಇಂಥ ಮನುಷ್ಯನ ಬಗ್ಗೆ ಬರೆಯುವಾಗ ಮನಸ್ಸು ತಂಪಾಗಿರಬೇಕು ಎನ್ನುತ್ತಾರೆ. ನನಗೆ ಅವರನ್ನು ನೆನೆದರೆ ಮೊದಲು ಬರುವುದು ಸಿಟ್ಟು. ಏನು ಮಾಡಲಿ?

ನಾನಾಗ ಡಿಗ್ರಿ ಓದುತ್ತಿದ್ದೆ. ತಮ್ಮನನ್ನು ಕಿವಿ ಹಿಡಿದು ಎಳೆತರಲು ಆ ಅಂಗಡಿಗೆ ಹೋದವಳು ಅಲ್ಲೇ ಕೂತುಬಿಟ್ಟೆ. ಕುಸ್ತಿ, ಕಾರುಗಳ ಓಟ ಎಲ್ಲ ಒಂದು ಟಿವಿಯಲ್ಲಿ ನಡೆಯುತ್ತಿದ್ದವು. ಮೂಲೆಯ ಹಳೆಯ ಟಿವಿಯಲ್ಲಿ ಮಾತ್ರ ಕಥೆಯ ಆಟ. ಒಬ್ಬ ರಾಜಕುಮಾರ ಊರೂರು ಸುತ್ತುತ್ತಾನೆ, ದಾರಿಯಲ್ಲಿ ಸಿಕ್ಕವರನ್ನು ಜೊತೆಗೆ ಸೇರಿಸಿಕೊಳ್ಳುತ್ತಾನೆ, ರಾಕ್ಷಸರನ್ನು ಹೊಡೆಯುತ್ತಾನೆ. ಮೊದಲ ಹಳ್ಳಿಯಲ್ಲೇ ಅವನ ಜೊತೆ ಹೊರಡುವವನು ಒಬ್ಬ ನೀರಿನವ. ಡೊಳ್ಳುಹೊಟ್ಟೆ, ಬೆನ್ನ ಮೇಲೆ ಅವನಿಗಿಂತ ದೊಡ್ಡ ಕೊಡ. ಹೊಡೆದಾಟದಲ್ಲಿ ಯಾರಾದರೂ ಬಿದ್ದರೆ ತಪ್ಪುಹೆಜ್ಜೆ ಹಾಕುತ್ತ ಓಡಿಹೋಗಿ ನೀರು ಕುಡಿಸಿ ಎಬ್ಬಿಸುತ್ತಾನೆ. ಅವನಿಂದ ಆಗುವುದು ಅಷ್ಟೇ. ಅವನು ಆಡುವ ಮಾತು ಪರದೆಯ ಕೆಳಗೆ ಇಂಗ್ಲಿಷಿನಲ್ಲಿ ಮೂಡುತ್ತಿತ್ತು. ಓದಲು ಬರದ ಹುಡುಗರು ಗುಂಡಿ ಒತ್ತಿ ಒತ್ತಿ ಮಾತನ್ನೆಲ್ಲ ಹಾರಿಸಿಬಿಡುತ್ತಿದ್ದರು.

"ಪಾಪ, ಅವ ಇಷ್ಟು ಬಾಯಿ ಬಡಕೊಳ್ಳಾಕತ್ತಾನ, ಯಾರೂ ಕೇಳವಲ್ರಲ್ಲ," ಎಂದರು ಬಾಗಿಲಲ್ಲಿ ನಿಂತಿದ್ದ ಮಾಮಾ. ಆಮೇಲೆ ನನ್ನ ಕಡೆ ತಿರುಗಿ, "ಯವ್ವಾ, ನೀ ಕಾಲೇಜ್ ಓದಾಕಿ. ಏನಂತಾನ ಹೇಳು ನೋಡೂಣು," ಎಂದರು.

ನಾನು ಅರ್ಥ ಹೇಳಿದೆ. ಮಾಮಾ ಗಂಟಲು ಸರಿಮಾಡಿಕೊಂಡು ಅದನ್ನೇ ನೀರಿನವನ ದನಿಯಲ್ಲಿ ಆಡಿದರು. ಅಂಗಡಿಯಲ್ಲಿದ್ದವರೆಲ್ಲ ಆಟ ಬಿಟ್ಟು ತಿರುಗಿ ನೋಡಿದರು. ಅವತ್ತಿನಿಂದ ಸಂಜೆ ಕಾಲೇಜು ಬಿಟ್ಟ ಮೇಲೆ ನಾನು ಓದುವುದು, ಮಾಮಾ ಆಡುವುದು. ರಾಜಕುಮಾರನ ಮಾತನ್ನು ಅವರು ಬೇಗ ಬೇಗ ಮುಗಿಸುತ್ತಿದ್ದರು. ಹೆಂಡ ಮಾರುವವಳು, ಸುಂಕದವನು, ಕುಂಟ ಕಾವಲುಗಾರ ಬಂದರೆ ಅವರ ಮುಖ ಅರಳುತ್ತಿತ್ತು. ಅದರಲ್ಲೂ ನೀರಿನವ ಎಂದರೆ ಪ್ರಾಣ. ಹುಡುಗಿ ಗೇಮ್ ಅಂಗಡಿಯಲ್ಲಿ ಕೂರುತ್ತಾಳೆ ಎಂದು ಓಣಿಯವರು ಆಡಿಕೊಂಡರು. ಆಡಿಕೊಳ್ಳಲಿ ಎಂದು ನಾನೂ ಬಿಟ್ಟೆ.

ಆ ಆಟದಲ್ಲಿ ಒಂದು ಕೆಟ್ಟ ನಿಯಮವಿತ್ತು. ರಾಜಕುಮಾರನ ಜೊತೆ ಮೂವರೇ ಇರಬಹುದು. ಅರ್ಧ ಕಥೆ ಆಗುವಷ್ಟರಲ್ಲಿ ಬೆಂಕಿ ಉಗುಳುವ ಮಂತ್ರವಾದಿಯೊಬ್ಬ ಬಂದು ಸೇರುತ್ತಾನೆ. ಆಗ ಯಾರನ್ನಾದರೂ ಒಬ್ಬರನ್ನು ಛತ್ರದಲ್ಲಿ ಬಿಟ್ಟು ಹೋಗಬೇಕು. ಎಲ್ಲರೂ ಬಿಡುತ್ತಿದ್ದುದು ನೀರಿನವನನ್ನೇ. ಬಿಡುವ ಮುಂಚೆ ಅವನ ಮೈಮೇಲಿನ ಕವಚ, ಕಡಗ, ಚಪ್ಪಲಿ ಎಲ್ಲ ಬಿಚ್ಚಿ ಹೊಸಬನಿಗೆ ತೊಡಿಸುತ್ತಿದ್ದರು. ಅಲ್ಲಿಂದಾಚೆಗೆ ಅವನು ಛತ್ರದ ಗೋಡೆಗೆ ಒರಗಿ ನಿಂತಿರುತ್ತಾನೆ. ಯಾವಾಗ ಹೋಗಿ ಮಾತಾಡಿಸಿದರೂ ಒಂದೇ ಮಾತು ಹೇಳುತ್ತಾನೆ.

ಆ ಮಾತು ಮೊದಲ ಸಲ ಬಂದಾಗ ನಾನು, "'ನಾನು ಇಲ್ಲಿ ಕಾಯುತ್ತೇನೆ' ಅಂತ ಐತಿ ಮಾಮಾ," ಎಂದೆ.

"ಅದು ಅಕ್ಷರ ಆತು. ಅವನ ಹೊಟ್ಟ್ಯಾಗ ಏನೈತಿ?"

ನಾನು ಆ ಸಾಲನ್ನೇ ಮತ್ತೊಮ್ಮೆ ಓದಿದೆ. ಮಾಮಾ ಆಟ ನಿಲ್ಲಿಸಿ, ಹೊರಗೆ ಹೋಗಿ ಒಂದು ಚಹಾ ಕುಡಿದು ಬಂದರು. ಬಂದು ಮೂಲೆಯ ಟಿವಿಯ ಮುಂದೆ ನಿಂತು, ಬಲಗೈ ಮೇಲಕ್ಕೆತ್ತಿ, ನಗುನಗುತ್ತ ಹೇಳಿದರು. "ಹೋಗಿ ಬರ್ರಿ. ನಿಮ್ಮ ನೀರು ಇಲ್ಲೇ ತುಂಬಿ ಇಟ್ಟಿರ್ತೀನಿ."

ಅಳು ತರಿಸುವಂತೆ ಹೇಳಬಹುದಿತ್ತಲ್ಲ ಎಂದು ಕೇಳಿದೆ. "ಅತ್ತುಬಿಟ್ರ ಅವ ದೊಡ್ಡ ಪಾತ್ರ ಆಗಿಬಿಡ್ತಾನ. ಸಣ್ಣ ಪಾತ್ರದಾಂವ ಅಳಬಾರದು, ಕೆಲಸ ಮಾಡ್ತಿರಬೇಕು. ನೋಡೋರು ಅಳಲಿ," ಎಂದರು. ಕಂಪನಿಯಲ್ಲಿ ರಾಜನ ಪಾರ್ಟು ಮಾಡಿದವರಿಗೆ ಸಿಕ್ಕ ಚಪ್ಪಾಳೆಯ ಲೆಕ್ಕ ಅವರು ಎಂದೂ ತೆಗೆದವರಲ್ಲ. ಆದರೆ ಅಂಗಡಿಯಲ್ಲಿ ಅವರದೊಂದು ಕಟ್ಟಾಜ್ಞೆ ಇತ್ತು. "ಬಿಟ್ಟು ಹೋಗೋದಾದ್ರ ಹೋಗ್ರಿ. ಅವನ ಮೈಮ್ಯಾಲಿಂದು ಮಾತ್ರ ಬಿಚ್ಚಬ್ಯಾಡ್ರಿ."

ಯಾರಾದರೂ ಬಿಚ್ಚಿದರೆ ಕೊಕ್ಕೆಕೋಲಿನಿಂದ ಟಿವಿಯ ವೈರು ಎಳೆದುಬಿಡುತ್ತಿದ್ದರು. ಒಮ್ಮೆ ಅವರ ಅಕ್ಕನ ಮಗನೇ ಆಡಲು ಕೂತು, ನೀರಿನವನ ಕಡಗಕ್ಕೆ ಕೈ ಹಾಕಿದ. ಮಾಮಾ ವೈರು ಎಳೆದರು. ಹುಡುಗರ ಮುಂದೆ ಅವನ ಮುಖ ಕೆಂಪಾಯಿತು.

"ಮಾಮಾ, ಅದು ಬೊಂಬಿ ಐತಿ. ಬೊಂಬಿಗೆ ಥಂಡಿ ಆಗ್ತೈತೇನು?"

"ಬೊಂಬಿಗೆ ಆಗಂಗಿಲ್ಲಪ. ಬಿಚ್ಚೋ ಕೈಗೆ ರೂಢಿ ಆಕ್ಕೈತಿ," ಎಂದರು ಮಾಮಾ.

ಮುಂದೆ ಅದಿರಿನ ಕಾಲ ಬಂತು. ಸಂಡೂರಿನ ಗುಡ್ಡಗಳನ್ನು ಕೆರೆದು ಲಾರಿಗೆ ತುಂಬಿ ಸಾಗಿಸುವ ಕಾಲ. ಇವತ್ತು ಆ ದಿನಗಳನ್ನು ಏನೋ ಸುಗ್ಗಿ ಎಂಬಂತೆ ನೆನೆಸುವವರಿದ್ದಾರೆ. ಅವರ ಬಾಯಿಗೆ ಒಂದು ಹಿಡಿ ಆ ಕೆಂಪು ಧೂಳು ಹಾಕಬೇಕು ಅನ್ನಿಸುತ್ತದೆ. ಒಣಗಲು ಹಾಕಿದ ಬಟ್ಟೆ ಕೆಂಪು, ಮೊಸರಿನ ಮೇಲೆ ಕೆಂಪು, ರಸ್ತೆ ದಾಟಲು ಜೀವ ಕೈಯಲ್ಲಿ ಹಿಡಿಯಬೇಕು. ಅಕ್ಕನ ಮಗ ಒಂದು ಲಾರಿ ಕೊಂಡ, ನೋಡನೋಡುತ್ತಿದ್ದಂತೆ ಸಾಲಾಗಿ ಕೊಂಡ, ಸಾಗಣೆ ಕಂಪನಿ ಎಂದು ಬೋರ್ಡು ಹಾಕಿದ. ಗೇಮ್ ಅಂಗಡಿ ಅವನ ಆಫೀಸಾಯಿತು. ಹಿಂದಿನ ಕೋಣೆಯೂ ಬೇಕಾಯಿತು. ಟಿವಿಗಳನ್ನು ಗುಜರಿಗೆ ಹಾಕಿದರು. ಮೂಲೆಯ ಆಟದ ಡಬ್ಬಿಯನ್ನು ಮಾಮಾ ಶಾಲಿನಲ್ಲಿ ಸುತ್ತಿ ನಮ್ಮ ಮನೆಗೆ ತಂದರು. "ನೀರಿನಾಂವ ಇದರಾಗ ಅದಾನ, ಇಟ್ಕೋ ಯವ್ವಾ," ಎಂದು ಕೊಟ್ಟು, ಶಾಲು ಮಡಚಿಕೊಂಡು ಹೋದರು.

ಅಕ್ಕನ ಮಗ ಮಾಮಾನನ್ನು ಕುರೆಕುಪ್ಪದ ಆಚೆ ಅದಿರು ರಾಶಿ ಹಾಕುವ ಯಾರ್ಡಿಗೆ ಕಾವಲಿಗೆ ಕಳಿಸಿದ. "ಒಂದು ತಿಂಗಳು ಮಟ್ಟಿಗೆ ಮಾಮಾ, ನಂಬಿಗಸ್ತ ಮನುಷ್ಯಾ ಸಿಗೂತನಕ," ಎಂದಿದ್ದನಂತೆ. ಇವರಿಗಿಂತ ನಂಬಿಗಸ್ತ ಅವನಿಗೆ ಎಲ್ಲಿ ಸಿಗಬೇಕು? ಟೇಬಲ್ ಫ್ಯಾನು ಆಫೀಸಿನ ಹುಡುಗನ ಮೇಜಿಗೆ ಹೋಯಿತು. ಮಂಚ ಡ್ರೈವರುಗಳು ಮಲಗಲಿ ಎಂದು ಅಲ್ಲೇ ಉಳಿಯಿತು. ಮಾಮಾನ ಕೈಗೆ ಒಂದು ಸೀಟಿ, ಒಂದು ಬ್ಯಾಟರಿ ಬಂತು.

ಅಮ್ಮ ಕಟ್ಟಿಕೊಟ್ಟ ರೊಟ್ಟಿ ತೆಗೆದುಕೊಂಡು ನಾನು ಬಸ್ಸಿನಲ್ಲಿ ಹೋದೆ. ಯಾರ್ಡಿನ ಗೇಟಿನ ಹೊರಗೆ ಒಂದು ತಗಡಿನ ಶೆಡ್ಡು. ಅದರ ಮುಂದೆ ಬಿದಿರು ಕೋಲು ಹಿಡಿದು, ಬಲಗೈ ಮೇಲೆತ್ತಿ ಮಾಮಾ ನಿಂತಿದ್ದರು. ಬಿಳಿ ಮೀಸೆ ಕೆಂಪಗಾಗಿತ್ತು. ರೆಪ್ಪೆ ಕೆಂಪು, ಕಿವಿಯೊಳಗೆ ಕೆಂಪು. ಹೆಗಲ ಮೇಲಾಗಲಿ ಶೆಡ್ಡಿನೊಳಗಾಗಲಿ ಆ ಶಾಲು ಮಾತ್ರ ಕಾಣಲಿಲ್ಲ. ಪಕ್ಕದಲ್ಲಿ ಒದ್ದೆ ಗೋಣಿ ಸುತ್ತಿದ ಎರಡು ಮಣ್ಣಿನ ಕೊಡ. ಸರತಿಯಲ್ಲಿ ನಿಂತ ಲಾರಿಗಳ ಡ್ರೈವರು ಕ್ಲೀನರುಗಳಿಗೆ ಅವರು ನೀರು ಕೊಡುತ್ತಿದ್ದರು. ದೂರದ ಬೋರಿನಿಂದ ತಾವೇ ಹೊತ್ತು ತರುತ್ತಿದ್ದರಂತೆ.

"ಇದೆಲ್ಲಾ ಯಾರು ಮಾಡಂದ್ರು ನಿಮಗ?" ಎಂದು ರೇಗಿದೆ.

"ಯಾರೂ ಅನ್ನಲಿಲ್ಲ. ಧೂಳು ಭಾಳ ಐತಿ, ಗಂಟಲ ಹಿಡೀತೈತಿ," ಎಂದು ಕೆಮ್ಮಿದರು.

ಬನ್ನಿ, ನಮ್ಮ ಮನೆಯ ಮೇಲಿನ ಕೋಣೆ ಖಾಲಿ ಇದೆ ಎಂದು ಗೋಗರೆದೆ. ಬರಲಿಲ್ಲ. "ತಿಂಗಳು ಅಂದಿದ್ದ, ಈಗ ಬ್ಯಾಸಿಗಿ ಬರೂದ್ರಾಗ ಕರಕೊಂಡು ಹೋಗ್ತೀನಿ ಅಂದಾನವ್ವಾ. ಮಾತು ಕೊಟ್ಟಾನ. ನಾ ಎದ್ದು ಬಂದ್ರ ಅವನ ಮಾತು ಸುಳ್ಳಾಕ್ಕೈತಿ," ಎಂದರು. ಎಂಥ ಹುಚ್ಚು ನೋಡಿ! ಮಾತು ಕೊಟ್ಟವನಿಗೆ ನೆನಪಿಲ್ಲ, ಕೇಳಿಸಿಕೊಂಡವರು ಅವನ ಮಾನ ಕಾಯುತ್ತ ಬಿಸಿಲಲ್ಲಿ ನಿಂತಿದ್ದಾರೆ. ನನಗೆ ಅವರ ಮೇಲೂ ಸಿಟ್ಟು ಬಂತು. ಈಗಲೂ ಇದೆ. ಬಸ್ಸು ಬಂದಾಗ ನಾನು ಮುಖ ತಿರುಗಿಸಿಕೊಂಡು ಹತ್ತುತ್ತಿದ್ದೆ. ಹಿಂದಿನಿಂದ ಕೇಳಿತು. "ಹೋಗಿ ಬಾ ಯವ್ವಾ. ನಿನ್ನ ನೀರು ಇಲ್ಲೇ ತುಂಬಿ ಇಟ್ಟಿರ್ತೀನಿ."

ಮರುದಿನವೇ ಆಫೀಸಿಗೆ ಹೋದೆ. ಎಸಿ ಹಾಕಿಕೊಂಡು ಕೂತಿದ್ದ ಅಕ್ಕನ ಮಗ ನನ್ನ ವಾರಿಗೆಯವನೇ. "ಬರ್ರಿ ಅಕ್ಕಾರ, ಕುಂದ್ರಿ, ಥಂಡಾ ತಗೋತೀರೇನು?" ಎಂದ.

"ನಾ ಕುಂದ್ರಾಕ ಬಂದಿಲ್ಲ. ಮಾಮಾ ಕೆಮ್ಮಾಕತ್ತಾರ. ಬ್ಯಾಸಿಗಿಗೆ ಮುಂಚೆ ಅವರನ್ನ ಕರಕೊಂಡು ಬಾ."

"ಮಾಮಾಗ ಅಲ್ಲೇ ಆರಾಮ ಐತಿ ಅಕ್ಕಾರ. ಇಲ್ಲಿ ಬಂದ್ರ ಏನು ಮಾಡ್ತಾರ? ಈಗ ಗೇಮ್ ಅಂಗಡಿ ಎಲ್ಲೈತಿ?"

"ಶಾಲು ಯಾಕಿಲ್ಲ ಅವರ ಹತ್ರ?"

ಅವನು ನಕ್ಕ. ದೊಡ್ಡ ಮನುಷ್ಯರೊಬ್ಬರು ಆಫೀಸಿಗೆ ಬಂದಾಗ ಜಲ್ದಿಯಲ್ಲಿ ಹೊದಿಸಲು ಶಾಲು ಬೇಕಾಯಿತಂತೆ, ಮಾಮಾನದು ಚಲೋ ಇತ್ತಂತೆ, ಒಗೆಸಿ ಹೊದಿಸಿದರಂತೆ. ನಾನು ಬಾಯಿಗೆ ಬಂದಂತೆ ಬೈದೆ. ಡ್ರೈವರುಗಳು ಒಳಗೆ ಇಣುಕಿದರು. ಅವನು ಫೋನು ಕಿವಿಗೆ ಹಚ್ಚಿಕೊಂಡು ಎದ್ದುಹೋದ. ಮತ್ತೆ ಎರಡು ಸಲ ಹೋದಾಗ ಒಳಗಿದ್ದೂ ಇಲ್ಲ ಅನ್ನಿಸಿದ.

ಬೇಸಿಗೆ ಬರುವ ಮುಂಚೆಯೇ ಗಣಿ ನಿಂತಿತು. ಅಧಿಕಾರಿಗಳು ಬಂದು ಯಾರ್ಡಿನ ಗೇಟಿಗೆ ಬೀಗ ಜಡಿದರು. ಅಕ್ಕನ ಮಗ ಫೋನು ಆಫ್ ಮಾಡಿಕೊಂಡು ಊರು ಬಿಟ್ಟ. ಹೋಗುವಾಗ ಲಾರಿಗಳನ್ನು ಎಲ್ಲೆಲ್ಲಿ ಬಚ್ಚಿಡಬೇಕು ಎಂದು ಯೋಚಿಸಿದ, ಎಸಿಯನ್ನೂ ಬಿಚ್ಚಿಸಿಕೊಂಡು ಹೋದ. ಯಾರ್ಡಿನಲ್ಲಿ ಒಬ್ಬ ಸೋದರಮಾವ ಇದ್ದಾನೆ ಎಂಬುದು ಅವನ ತಲೆಗೆ ಬರಲಿಲ್ಲ. ನಾನು ಮತ್ತೆ ಹೋಗಿ ಕರೆದೆ, ತಮ್ಮನನ್ನೂ ಕರೆದುಕೊಂಡು ಹೋಗಿ ಕರೆದೆ. ಬೀಗ ಹಾಕಿದ ಗೇಟಿನ ಹೊರಗೆ, ಲಾರಿಗಳೇ ಇಲ್ಲದ ರಸ್ತೆಯ ಪಕ್ಕ, ಮಾಮಾ ಎರಡು ಕೊಡ ತುಂಬಿಟ್ಟುಕೊಂಡು ನಿಂತಿದ್ದರು. "ಯಾರಾರ ಬರ್ತಾರ," ಎಂದರು. ನಾವಿಬ್ಬರೂ ಕುಡಿದು ಬಂದೆವು.

ಯುಗಾದಿ ಕಳೆದ ಮೇಲೆ, ಯಾರ್ಡಿನ ಎದುರಿನ ಚಹಾದಂಗಡಿಯಾಕೆ ನಮ್ಮ ಮನೆಗೆ ಫೋನು ಮಾಡಿದಳು. ಜ್ವರ ಬಂದು ಮಲಗಿದ್ದಾರೆ ಎಂದಳು. ನಾವು ಮುಟ್ಟುವಷ್ಟರಲ್ಲಿ ಆಗಿಹೋಗಿತ್ತು. ಮಲಗಿದ್ದರೂ ಬಲಗೈ ಕಿವಿಯ ಪಕ್ಕ ಮುಷ್ಟಿ ಕಟ್ಟಿಕೊಂಡೇ ಇತ್ತು. ನಮ್ಮಪ್ಪ ಅದನ್ನು ಮೆಲ್ಲಗೆ ಇಳಿಸಿದರು.

ಇವತ್ತು ನಾನು ಬೇರೆ ಭಾಷೆಯ ಧಾರಾವಾಹಿಗಳಿಗೆ ಕನ್ನಡದ ಮಾತು ಬರೆದು ಹೊಟ್ಟೆ ಹೊರೆಯುತ್ತೇನೆ. ಆ ಕಸುಬು ಕಲಿಸಿದವರು ಮಾಮಾ. ಕೆಲಸದವಳ ಮಾತು, ವಾಚ್‌ಮನ್‌ನ ಮಾತು ತೆಗೆದುಬಿಡಿ, ಟೈಮಿಲ್ಲ ಎಂದು ಸ್ಟುಡಿಯೋದವರು ಹೇಳಿದರೆ ನಾನು ಜಗಳಕ್ಕೆ ನಿಲ್ಲುತ್ತೇನೆ. ನನಗೆ ಅಲ್ಲಿ ಜಗಳಗಂಟಿ ಎಂದೇ ಹೆಸರು.

ಕೊನೆಗೆ ಆ ದಿನಗಳದೇ ಒಂದು ಹಳೆಯ ಜಗಳ ಹೇಳಿ ಮುಗಿಸುತ್ತೇನೆ. ಮಾಮಾ ಹೋದ ಹನ್ನೊಂದನೆಯ ದಿನಕ್ಕೆ ಅಕ್ಕನ ಮಗ ಊರಿಗೆ ಬಂದ. ಬಂದವನು ಸ್ಟೇಷನ್ ರಸ್ತೆಯಲ್ಲಿ, ತನ್ನ ಹಳೆಯ ಆಫೀಸಿನ ಮೇಲೆ ದೊಡ್ಡದೊಂದು ಫ್ಲೆಕ್ಸ್ ಕಟ್ಟಿಸಿದ. ಭಾವಪೂರ್ಣ ಶ್ರದ್ಧಾಂಜಲಿ. ನಡುವೆ ಕೈ ಮುಗಿದು ನಿಂತ ಅವನದೇ ಫೋಟೋ, ಬಾಗಿಲಿನಷ್ಟು ದೊಡ್ಡದು. ಮೇಲೆ ಸಾಲಾಗಿ ಅವನಿಗೆ ಬೇಕಾದ ದೊಡ್ಡವರು, ಕೆಳಗೆ ಅವನ ಗೆಳೆಯರ ಬಳಗ. ಎಡಗಡೆಯ ಮೂಲೆಯಲ್ಲಿ, ಅಂಗೈ ಅಗಲದಲ್ಲಿ, ಕಂಪನಿ ಕಾಲದ ಒಂದು ಫೋಟೋದಲ್ಲಿ ಭರ್ಜಿ ಹಿಡಿದ ಮಾಮಾ. ತನ್ನ ಸಾವಿನಲ್ಲೂ ಆ ಮನುಷ್ಯ ಬಾಗಿಲು ಕಾಯುತ್ತಿದ್ದ.

ಆ ಹಳೆಯ ಕೊಕ್ಕೆಕೋಲು ಇನ್ನೂ ಶಟರಿನ ಪಕ್ಕದಲ್ಲೇ ಇತ್ತು. ಅದನ್ನು ತೆಗೆದುಕೊಂಡು ಫ್ಲೆಕ್ಸಿನ ಹಗ್ಗಕ್ಕೆ ಸಿಕ್ಕಿಸಿ ಜೋತುಬಿದ್ದು ಎಳೆದೆ. ಅರ್ಧ ಹರಿದು ಕೆಳಗೆ ಬಿತ್ತು. ಜನ ಸೇರಿದರು. ಎದುರಿನ ಟೇಲರನ ಹತ್ತಿರ ಕತ್ತರಿ ಇಸಿದುಕೊಂಡು ರಸ್ತೆಯಲ್ಲೇ ಕೂತು ಆ ಮೂಲೆಯನ್ನು ಕತ್ತರಿಸತೊಡಗಿದೆ. ಅವನು ಓಡಿಬಂದ.

"ಅಕ್ಕಾರ, ಏನು ಮಾಡಾಕತ್ತೀರಿ? ತಲಿ ಕೆಟ್ಟೈತೇನು?"

ನಾನು ಆ ಮೂಲೆಯನ್ನು ಪೂರ್ತಿ ಕತ್ತರಿಸಿ ಮುಗಿಸಿದೆ. ಎದ್ದು, ಅಂಗೈ ಅಗಲದ ಮಾಮಾನನ್ನು ಕೈಚೀಲದಲ್ಲಿದ್ದ ಪುಸ್ತಕದ ನಡುವೆ ಇಟ್ಟುಕೊಂಡು, ಆಮೇಲೆ ಹೇಳಿದೆ.

"ನಿನ್ನನ್ನ ಇಲ್ಲೇ ಬಿಟ್ಟು ಹೊಂಟೀನಿ. ಮಾಮಾನ್ನ ಕರಕೊಂಡು ಹೋಗ್ತೀನಿ."