ಮುಧೋಳ ನಾಯಿಗೆ ಹೊಟ್ಟಿ ತಗದ ತಪ್ಪಿಗೆ

ಗೆಳೆಯಾರ, ನನ್ನ ಹೊಸಾ ವ್ಯಂಗ್ಯಚಿತ್ರದ ಪುಸ್ತಕದಾಗ ಒಬ್ಬ ಕವಿ ಕವಿತಾ ಓದತಾನ, ಅವನ ಮುಧೋಳ ನಾಯಿ ಎದ್ದು ಓಡತೈತಿ. ಆ ಕವಿ ಯಾರಂತ ನಾ ಯಾರಿಗೂ ಹೇಳಿರಲಿಲ್ಲ.

ಇವತ್ತ ಮುಂಜಾನಿ ಆ ಖರೇ ಕವಿಗಳದ ಫೋನ್ ಬಂತು. "ಪುಸ್ತಕ ನೋಡೇನಿ. ಮುಧೋಳದಾಗಿನ ನಮ್ಮ ಮನಿಗೆ ಬರ್ರಿ."

ಜಮಖಂಡಿಯಿಂದ ಬಸ್ಸಿನ್ಯಾಗ ದಾರಿ ತುಂಬ ಕ್ಷಮಾಪಣಿ ಬಾಯಿಪಾಠ ಮಾಡಿದೆ. ಹೋದಕೂಡ್ಲೆ ಆ ಪುಟಾನ ತಗದು ಮುಂದಿಟ್ಟರು. ನಾ ಕ್ಷಮಾಪಣಿ ಶುರು ಮಾಡೂದ್ರಾಗ ಅವರ ಅಂದರು:

"ನನ್ನ ಹೆಂಗರ ತಗೀರಿ, ನಡೀತೈತಿ. ಮುಧೋಳ ನಾಯಿಗೆ ಇಷ್ಟು ಹೊಟ್ಟಿ ಇರತೈತೇನ್ರೀ? ಊರ ಮಂದಿ ನಗತಾರ. ಇಲ್ಲೇ ಕುಂತು ಹೊಸಾದು ತಗೀರಿ!"

ನಾಯೀನ್ನ ಎದುರಿಗೆ ನಿಲ್ಲಿಸಿದರು. ನಾ ಪೆನ್ಸಿಲ್ ಹಿಡಿದೆ. ಚಿತ್ರ ಮುಗಿಯೂತನಕ ಸುಮ್ನ ಯಾಕ ಕುಂಡ್ರೂದಂತ ಅವರು ಕವಿತಾ ಓದಾಕ ಶುರು ಮಾಡಿದರು.

ನಾಯಿ ಎದ್ದು ಹೋತು. ನಾ ಇನ್ನೂ ಇಲ್ಲೇ ಅದೇನಿ. ಹನ್ನೊಂದನೇ ಕವಿತಾ ನಡದೈತಿ.