ಅಂಜಿನಪ್ಪಜ್ಜನ ಕತ್ತಿ ನೆಟ್ಟಗ ಮಾಡಿಸಿದ್ದು

ಗೆಳೆಯರೇ, ಹಳೇ ಕ್ಷೌರದ ಕತ್ತಿ ಕೂಡಿಸೋ ನನ್ನ ಹುಚ್ಚು ನಿಮಗೆಲ್ಲ ಗೊತ್ತೇ ಐತಿ. ಭಾನುವಾರ ಅವುಗಳಿಂದನೇ ಗಡ್ಡ ಮಾಡ್ಕೊಂತೀನಿ. ನೊರಿ ಮ್ಯಾಲೆ ಅಲಗು ಸರಿಯೋ ಆ ಕರಕರ ಸದ್ದಿನ ಮುಂದ ಒಂದೆರಡು ಗಾಯ ಲೆಕ್ಕಕ್ಕಿಲ್ಲ.

ಇವತ್ತು ಬೆಳಿಗ್ಗೆ ಕೊಟ್ಟೂರಿನ ಅಂಜಿನಪ್ಪಜ್ಜನ ಸಲೂನಿಗೆ ಹೋಗಿದ್ದೆ. ನನ್ನ ಮೊದಲ ಗಡ್ಡ ಮಾಡಿದವರು ಅವರೇ. ಈಗೆಲ್ಲ ಬಿಸಾಡೋ ಬ್ಲೇಡು ಬಂದಾವಂತ ಹೋದ ತಿಂಗಳು ತಮ್ಮ ಹಳೇ ಕತ್ತಿ ನನಗ ಕೊಟ್ಟಿದ್ರು. "ಒಂದಿನ ತಗೊಂಡ್ ಬಾ ತಮ್ಮಾ, ಅದರಾಗೇ ನಿನ್ನ ಗಡ್ಡ ಮಾಡ್ತೀನಿ" ಅಂದಿದ್ರು.

ಅದರ ಅಲಗು ನಡುವ ಸ್ವಲ್ಪ ತಗ್ಗಾಗಿತ್ತು. ನಾನು ಊನ ಅನ್ಕೊಂಡೆ. ಸಾಣಿ ಹಿಡಿಯೋವನ ಮಷಿನ್ನಿಗೆ ಕೊಟ್ಟು ನೆಟ್ಟಗ ಮಾಡಿಸಿ, ಫಳಫಳ ಹೊಳೆಸಿ, ಇವತ್ತು ದೊಡ್ಡಸ್ತಿಕೆಯಿಂದ ಅವರ ಕೈಗಿಟ್ಟೆ.

ಅಜ್ಜ ಕತ್ತಿ ಬಿಚ್ಚಿ, ಅಲಗಿನ ಮ್ಯಾಲೆ ಹೆಬ್ಬೆರಳು ಆಡಿಸಿದ್ರು.

"ತಗ್ಗು ಎಲ್ಲಿ ಹೋತು ತಮ್ಮಾ?"

"ಸವೆದಿತ್ತಲ್ಲಜ್ಜಾ, ಸರಿ ಮಾಡಿಸೀನಿ."

"ಅದು ಬರೇ ಸವೆದದ್ದಲ್ಲಪಾ. ದಿನಾ ಮಸೆದು ಮಸೆದು ನನ್ನ ಕೈಗೆ ಹೊಂದಿತ್ತು."

"ಮತ್ತ ಹಂಗ ಮಾಡಾಕ ಬರಂಗಿಲ್ಲೇನಜ್ಜಾ?"

"ಬರ್ತೈತಿ. ನಲವತ್ತು ವರ್ಷ ಬೇಕು."

ಬೈದಿದ್ರ ಹಗುರ ಆಗ್ತಿತ್ತು. ಬೈಲಿಲ್ಲ. ಕತ್ತಿ ಮಡಚಿ ನನ್ನ ಕಿಸೆಗಿಟ್ಟು, ಬಿಸಾಡೋ ಬ್ಲೇಡಿನಾಗ ನುಣ್ಣಗ ಗಡ್ಡ ಮಾಡಿ ಕಳಿಸಿದ್ರು.

ಅವರಿಗೀಗ ಎಪ್ಪತ್ತಾರು. ಕತ್ತಿ ನಮ್ಮ ಮನಿ ಶೋಕೇಸಿನಾಗ ಐತಿ. ಸಂಜಿಗೆ ಮನಿಗೆ ಬಂದೋರೆಲ್ಲ ಮೊದಲು ಅದನ್ನೇ ನೋಡಿದ್ರು, ಅಷ್ಟು ಚಂದ ಹೊಳಿತೈತಿ.