ಬಂದ್ನಿಯೋ, ಬಂದೆಯೋ

ಆಸ್ಟಿನ್ನಿನಲ್ಲಿ ಪಿಎಚ್‌ಡಿ ಮಾಡುವಾಗಿನಿಂದಲೂ ನಾನು ತಂತ್ರಜ್ಞಾನದ ಪತ್ರಿಕೆಯೊಂದನ್ನು ತರಿಸುತ್ತಿದ್ದೇನೆ, ಹೆಚ್ಚಾಗಿ ಅದರೊಡನೆ ಜಗಳವಾಡುವುದಕ್ಕೆ. ಕೆಲವು ವರ್ಷಗಳಿಗೊಮ್ಮೆ ಅದರ ಮುಖಪುಟದಲ್ಲಿ ಕಣ್ಣಿಗೆ ಡಬ್ಬಿ ಕಟ್ಟಿಕೊಂಡು ಬಾಯಿ ತೆರೆದು ನಿಂತವನೊಬ್ಬ ಕಾಣಿಸಿಕೊಳ್ಳುತ್ತಾನೆ. ವರ್ಚುವಲ್ ರಿಯಾಲಿಟಿ ಬಂದೇಬಿಟ್ಟಿತು, ಇನ್ನು ಶಾಲೆ, ಆಫೀಸು, ಪ್ರವಾಸ ಯಾವುದೂ ಮೊದಲಿನಂತಿರುವುದಿಲ್ಲ ಎಂದು ಒಳಗೆ ಬರೆದಿರುತ್ತದೆ. ಆಮೇಲೆ ಅದು ಬರುವುದಿಲ್ಲ.

"ಕುದುರಿ ಬಾಯಿಗೆ ಕಟ್ಟೋ ಹುರಳಿ ಚೀಲಾ ಇವಂಗ ಕಣ್ಣಿಗೆ ಕಟ್ಯಾರಲ್ರಿ!" ಎಂದು ನನ್ನ ಹೆಂಡತಿ ನಗುತ್ತಿದ್ದಳು. ಅವಳು ಧಾರವಾಡದವಳು, ನಾನು ಮೈಸೂರಿನವನು.

ಅವಳಿಗೆ ಕ್ಯಾನ್ಸರ್ ಎಂದು ತಿಳಿದ ಮೇಲೆ ಡಲ್ಲಾಸಿನಲ್ಲಿರುವ ಮಗಳು ಅಂಥ ಡಬ್ಬಿಯೊಂದನ್ನು ತಂದಳು. ನೆನಪು ಇನ್ನು ಮಾಸುವುದಿಲ್ಲ, ಬೇಕೆಂದಾಗ ಒಳಗೆ ಹೋಗಿ ಪಕ್ಕದಲ್ಲೇ ನಿಲ್ಲಬಹುದು ಎಂದು ಅದೇ ಪತ್ರಿಕೆ ಬರೆದಿತ್ತು. ಆಸ್ಟಿನ್ನಿನ ಪಕ್ಕದ ಜಾರ್ಜ್‌ಟೌನಿನ ನಮ್ಮ ಅಡುಗೆಮನೆಯಲ್ಲಿ ಮಗಳು ರೆಕಾರ್ಡ್ ಮಾಡಿದಳು. ನನ್ನ ಹೆಂಡತಿ ಒಗ್ಗರಣೆ ಹಾಕುತ್ತಿದ್ದಾಳೆ. ಹಾಲ್‌ನಿಂದ ನಾನು ಕೂಗುತ್ತೇನೆ. ಒಲೆಯಿಂದ ತಲೆಯೆತ್ತಿ "ಬಂದೆ" ಎಂದು ಹೇಳಿ ಪಕ್ಕಕ್ಕೆ ಸರಿದು ಮರೆಯಾಗುತ್ತಾಳೆ. ಅಷ್ಟೇ.

ಅವಳು ತೀರಿಹೋದ ಮೇಲೆ ನಾನೂ ಆ ಡಬ್ಬಿ ಕಟ್ಟಿಕೊಂಡೆ, ಪ್ರತಿದಿನ. ಒಮ್ಮೆ ಅನುಮಾನ ಹತ್ತಿತು. ಮದುವೆಯಾದಾಗಿನಿಂದ ಕೂಗಿದಾಗಲೆಲ್ಲ ಅವಳು ಹೇಳುತ್ತಿದ್ದುದು "ಬಂದ್ನಿ, ತಡೀರಿ" ಎಂದಲ್ಲವೇ? "ಬಂದೆ" ನನ್ನ ಮಾತು, ಅವಳದ್ದಲ್ಲ. ಆದರೆ "ಬಂದ್ನಿ" ಎಂಬುದನ್ನು ಅವಳ ದನಿಯಲ್ಲಿ ನೆನೆಯಲು ಹೋದರೆ ಬರೀ ಅಕ್ಷರಗಳು ಬರುತ್ತಿದ್ದವು, ದನಿ ಬರುತ್ತಿರಲಿಲ್ಲ.

ಅದನ್ನೇ ಕೇಳಲು ಹ್ಯೂಸ್ಟನ್ನಿಗೆ ಡ್ರೈವ್ ಮಾಡಿದೆ. ಅಲ್ಲೇ ಇರುವ ಅವಳ ತಂಗಿ ಹಿಲ್‌ಕ್ರಾಫ್ಟ್ ರಸ್ತೆಯ ಹೋಟೆಲೊಂದರಲ್ಲಿ ಊಟಕ್ಕೆ ಸಿಕ್ಕಳು.

"ನಿಮ್ಮ ಕೂಡ ಇದ್ದು ಇದ್ದು ಅಕ್ಕ ಅರ್ಧ ಮೈಸೂರಾಕಿ ಆಗಿದ್ಲು ಬಿಡ್ರಿ ಮಾಮಾ," ಎಂದು ನಕ್ಕಳು.

"ತಮಾಷೆ ಬೇಡ. ಕೂಗಿದ್ರೆ ಏನಂತಿದ್ಲು? ಬಂದ್ನಿ ಅಂತ ತಾನೆ?"

"ಬಂದೆ ಅಂತಾಳಲ್ರಿ, ವಿಡಿಯೋದಾಗ."

"ವಿಡಿಯೋ ಬಿಡಮ್ಮ. ಅದಕ್ಕೂ ಮುಂಚೆ? ಚಿಕ್ಕೋರಿದ್ದಾಗ, ನಿಮ್ಮಮ್ಮ ಕೂಗಿದ್ರೆ?"

ಬಾಯಿಗೆ ಹೋಗುತ್ತಿದ್ದ ದೋಸೆಯ ತುಂಡು ತಟ್ಟೆಗೆ ಇಳಿಯಿತು. ಅವಳು ಕಣ್ಣು ಮುಚ್ಚಿದಳು. ಪಕ್ಕದ ಟೇಬಲ್ಲಿನವರು ಬಿಲ್ ಕೊಟ್ಟು ಎದ್ದುಹೋದರು.

"ನಂಗೂ ಕಳಿಸ್ಯಾಳ್ರಿ ನಿಮ್ಮ ಮಗಳು. ದಿನಾ ನೋಡ್ತೀನಿ," ಎಂದಳು. "ಆಕಿ ಮೊದಲಿನ ದನಿ ಈಗ ಕೇಳಸವಲ್ದು, ಮಾಮಾ."

ಕೇಳಲು ಇನ್ನು ಯಾರೂ ಉಳಿದಿರಲಿಲ್ಲ. ಅವರ ತಾಯಿ ತೀರಿಕೊಂಡಿದ್ದಾರೆ. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬಂದ್ನಿಗೂ ಬಂದೆಗೂ ಇರುವ ದೂರ ಅರ್ಥವಾಗುವುದಿಲ್ಲ.

ಮನೆಗೆ ಬಂದಾಗ ಅಂಚೆ ಡಬ್ಬದಲ್ಲಿ ಆ ಪತ್ರಿಕೆಯ ಹೊಸ ಸಂಚಿಕೆ ಇತ್ತು. ಅದನ್ನು ಬಿಡಿಸದೆ, ಕಣ್ಣಿಗೆ ಡಬ್ಬಿಯನ್ನೂ ಕಟ್ಟಿಕೊಳ್ಳದೆ ಹಾಲ್‌ನಲ್ಲಿ ಕೂತು ಅಡುಗೆಮನೆಯ ಕಡೆಗೆ ಕೂಗಿದೆ: "ಏನೇ, ಸ್ವಲ್ಪ ಬಾ ಇಲ್ಲಿ."

ಕಾದೆ. "ಬಂದೆ" ಎಂದೇ ಕೇಳಿಸಿತು. ಒಲೆಯಿಂದ ತಲೆಯೆತ್ತಿದ ಅವಳ ಮುಖವೂ ಕಂಡಿತು, ರೆಕಾರ್ಡ್ ಮಾಡಿದ ದಿನ ಹಾಲ್‌ನಲ್ಲಿ ಕೂತಿದ್ದ ನನಗೆ ಕಂಡೇ ಇರದ, ಡಬ್ಬಿಯಲ್ಲಿ ಮಾತ್ರ ಕಂಡಿದ್ದ ಮುಖ.